ಆರು ಪಾಸ್ ಕೊಂಡೆವು, ಎರಡೂವರೆ ಕೆಲಸಕ್ಕೆ ಬಂತು

ಜುಲೈನಲ್ಲಿ ಅಪ್ಪ ಅಮ್ಮ ಹಾಸನದಿಂದ ಟೆಕ್ಸಸ್‌ನ ನಮ್ಮ ಮನೆಗೆ ಬಂದಿದ್ದರು. ಮಕ್ಕಳಿಗೂ ರಜೆ. ಎಲ್ಲರೂ ಸೇರಿ ಫ್ಲೋರಿಡಾದ ಒರ್ಲಾಂಡೊಗೆ ಹೊರಟೆವು. ಅಲ್ಲಿ ಥೀಮ್ ಪಾರ್ಕ್‌ಗಳಿಗೇನು ಬರವಿಲ್ಲ. ನಾವು ಹೋದ ಪಾರ್ಕಿನ ಹೆಸರು ಹೇಳಲ್ಲ, ಯಾಕಂದ್ರೆ ತಪ್ಪಿನಲ್ಲಿ ಮುಕ್ಕಾಲು ಪಾಲು ನನ್ನದೇ.

ಹಿಂದಿನ ರಾತ್ರಿ ಹೋಟೆಲಿನಲ್ಲಿ ಕೂತು, ಸಾಲು ತಪ್ಪಿಸುವ ಪಾಸ್ ಕೊಂಡೆ. ಒಳಗೆ ಹೋಗುವ ಟಿಕೆಟ್ ಬೇರೆ, ಇದು ಬೇರೆ. ತಲೆಗೆ 170 ಡಾಲರ್, ಆರು ಜನಕ್ಕೆ ಸಾವಿರ ದಾಟಿತು. "ಎಲ್ಲರಿಗೂ ಬೇಕಾ?" ಅಂತ ನಮ್ಮನೆಯವರು ಒಂದೇ ಒಂದು ಸಲ ಕೇಳಿದರು. "ಅಪ್ಪ ಅಮ್ಮನ್ನ ಬಿಸಿಲಲ್ಲಿ ನಿಲ್ಲಿಸಿ ನಾವು ಪಕ್ಕದ ಬಾಗಿಲಲ್ಲಿ ಹೋಗೋದಾ? ಒಂದೇ ಮನೆಯವರಲ್ಲಿ ಪಂಕ್ತಿಭೇದನಾ?" ಅಂದೆ. ಅವರು ಸುಮ್ಮನಾದರು. ಆ ಒಂದು ಮಾತಿಗೆ ಐನೂರು ಡಾಲರ್ ತೆತ್ತೆ.

ನನ್ನ ತಲೆಯಲ್ಲಿ ಇದ್ದದ್ದು ತಿರುಪತಿಯ 300 ರೂಪಾಯಿ ದರ್ಶನ. ದುಡ್ಡು ಕಟ್ಟಿದರೆ ಬೇರೆ ಸಾಲು, ಎಷ್ಟೇ ಹೊತ್ತಾದರೂ ಕೊನೆಗೆ ದರ್ಶನ ಸಿಗುತ್ತೆ. ಬಿಡದಿಯ ವಂಡರ್‌ಲಾದಲ್ಲೂ ಫಾಸ್ಟ್‌ಟ್ರ್ಯಾಕ್ ಅಂತ ಇದೆಯಲ್ಲ, ಇದೂ ಹಾಗೇ ಅಂದುಕೊಂಡೆ. ಸಣ್ಣ ಅಕ್ಷರದಲ್ಲಿ ಏನೇನೋ ಬರೆದಿತ್ತು. ಓದಲಿಲ್ಲ.

ಬೆಳಿಗ್ಗೆ ಆರಾಮಾಗಿ ತಿಂಡಿ ತಿಂದು ಹತ್ತೂವರೆಗೆ ಹೋದೆವು. ಪಾಸ್ ಇದೆಯಲ್ಲ, ಅವಸರ ಯಾಕೆ ಅಂತ. ಮಗ ವರ್ಷದಿಂದ ಯೂಟ್ಯೂಬಿನಲ್ಲಿ ನೋಡಿ ನೋಡಿ ಬಾಯಿಪಾಠ ಮಾಡಿಕೊಂಡಿದ್ದ ಒಂದು ರೋಲರ್ ಕೋಸ್ಟರ್ ಇತ್ತು. ನೇರ ಅಲ್ಲಿಗೇ ಓಡಿದ. ಬಾಗಿಲಲ್ಲಿದ್ದ ಹುಡುಗಿ ಪಾಸ್ ನೋಡಿ ತಲೆ ಅಲ್ಲಾಡಿಸಿದಳು. ಈ ರೈಡ್ ಪಾಸ್‌ಗೆ ಸೇರಿಲ್ಲ. ಸಾಮಾನ್ಯ ಸಾಲು 130 ನಿಮಿಷ. ಮಗನ ಮುಖ ನೋಡಲಿಕ್ಕಾಗಲಿಲ್ಲ.

ಆಮೇಲೆ ಊರಿಗೆ ಬಂದು ಕೂತು ಓದಿದೆ. ಇದರಲ್ಲಿ ಗುಟ್ಟೇನೂ ಇಲ್ಲ, ಈ ವ್ಯಾಪಾರದಲ್ಲಿ ಇದು ಮಾಮೂಲು. ಒರ್ಲಾಂಡೊದ ಯೂನಿವರ್ಸಲ್ ಪಾರ್ಕ್‌ನಲ್ಲಿ ಹ್ಯಾಗ್ರಿಡ್ ಮೋಟರ್‌ಬೈಕ್ ಕೋಸ್ಟರ್ 2019ರಲ್ಲಿ ಶುರುವಾದಾಗ ಅದನ್ನು ಎಕ್ಸ್‌ಪ್ರೆಸ್ ಅನ್ನುವ ಅವರ ಸಾಲು ತಪ್ಪಿಸುವ ಪಾಸ್‌ಗೆ ಸೇರಿಸಿರಲಿಲ್ಲ. ಡಿಸ್ನಿ ವರ್ಲ್ಡ್‌ನಲ್ಲಿ ತುಂಬಾ ಬೇಡಿಕೆ ಇರುವ ರೈಡ್‌ಗಳಿಗೆ ಸಿಂಗಲ್ ಪಾಸ್ ಅಂತ ಪ್ರತ್ಯೇಕ ದುಡ್ಡು, ಉಳಿದವಕ್ಕೆ ಮಲ್ಟಿ ಪಾಸ್. ತಮಾಷೆ ಅಂದ್ರೆ, ಡಿಸ್ನಿಯವರು 1999ರಲ್ಲಿ ಫಾಸ್ಟ್‌ಪಾಸ್ ಶುರು ಮಾಡಿದಾಗ ಅದು ಪುಕ್ಕಟೆ! 2021ರ ಅಕ್ಟೋಬರ್‌ನಿಂದ ಅಲ್ಲಿ ದುಡ್ಡು ಕೊಡಬೇಕಾಯಿತು, 2024ರ ಜುಲೈನಲ್ಲಿ ಹೆಸರೂ ಬದಲಾಯಿತು. ಹಾಗಾಗಿ ಐದಾರು ವರ್ಷದ ಹಿಂದೆ ಹೋಗಿ ಬಂದ ಅತ್ತಿಗೆಯನ್ನೋ ಭಾವನನ್ನೋ ಕೇಳಿ ಪ್ಲಾನ್ ಮಾಡಬೇಡಿ. ಅವರು ಹೇಳುವ ಪಾಸ್ ಈಗ ಇಲ್ಲವೇ ಇಲ್ಲ.

ಪಾರ್ಕಿಗೆ ವಾಪಸ್ ಬರೋಣ. ಎರಡನೇ ರೈಡ್ ಹತ್ತಿರ ಮಗಳ ಸರದಿ. ಅವಳಿಗೆ ಐದು ವರ್ಷ. ಬಾಗಿಲಲ್ಲಿ ಅಳತೆ ಕೋಲು, 40 ಇಂಚು, ಅಂದರೆ 102 ಸೆಂಟಿಮೀಟರ್ ಇರಲೇಬೇಕು. ಮನೆಯಲ್ಲಿ ಅಳೆದಾಗ ಸರಿಯಾಗೇ ಇತ್ತು. ಆಗ ನೆನಪಾಯಿತು, ನಾನು ಅಳೆದದ್ದು ತಲೆ ಮೇಲಿನ ಜುಟ್ಟು ಸೇರಿಸಿ. ಅಲ್ಲಿದ್ದವರು ಜುಟ್ಟನ್ನು ಮೆಲ್ಲಗೆ ಒತ್ತಿ ನೋಡಿದರು. ಅರ್ಧ ಇಂಚು ಕಮ್ಮಿ. ಅರ್ಧ ಇಂಚಿಗೆ ಯಾರೂ ಕರಗಲ್ಲ, ಕರಗಬಾರದು ಕೂಡ, ಸೀಟಿನ ಬೆಲ್ಟ್ ವಿಷಯ ಅದು. ಪಾಸ್‌ಗೆ ಸೇರಿದ್ದ ರೈಡ್‌ಗಳಲ್ಲಿ ಅರ್ಧಕ್ಕರ್ಧ ಅವಳಿಗೆ ಬಂದ್. ಉಳಿದ ಚಿಕ್ಕ ಮಕ್ಕಳ ರೈಡ್‌ಗಳಲ್ಲಿ ಸಾಲೇ ಹತ್ತು ನಿಮಿಷ. ಅದಕ್ಕೆ 170 ಡಾಲರ್ ಪಾಸ್!

ಇನ್ನು ಅಪ್ಪ ಅಮ್ಮ. ಅಪ್ಪನಿಗೆ ಸ್ಟೆಂಟ್ ಹಾಕಿದೆ, ಅಮ್ಮನಿಗೆ ಕುತ್ತಿಗೆ ನೋವು. ಹೃದಯ, ಕುತ್ತಿಗೆ, ಬೆನ್ನಿನ ತೊಂದರೆ ಇರುವವರು ಹತ್ತಬೇಡಿ ಅಂತ ದೊಡ್ಡ ರೈಡ್‌ಗಳ ಬಾಗಿಲಲ್ಲೆಲ್ಲ ಬೋರ್ಡ್ ಇರುತ್ತೆ. ಇದು ನನಗೆ ಗೊತ್ತಿರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ಕೊಳ್ಳುವಾಗ ಆ ಕಡೆ ಯೋಚನೆಯೇ ಹೋಗಲಿಲ್ಲ. ಅವರಿಬ್ಬರೂ ನೆರಳು ನೋಡಿಕೊಂಡು ಕೂತರು, ಚಪಾತಿ ರೋಲ್ ತಿಂದರು, ಓಡಾಡುವವರ ಬಟ್ಟೆ ನೋಡಿ ನಕ್ಕರು. ನಿಜ ಹೇಳಬೇಕು ಅಂದ್ರೆ ನಮಗಿಂತ ಅವರೇ ಖುಷಿಯಾಗಿದ್ದರು. ಪಾಸಿನ ಬೆಲೆ ಮಾತ್ರ ಅಪ್ಪನಿಗೆ ಇವತ್ತಿಗೂ ಹೇಳಿಲ್ಲ.

ನಾನಾದರೂ ರೈಡ್ ಹತ್ತಿದೆನಾ? ಅದೂ ಅರ್ಧ. ಮಗಳನ್ನು ಯಾರಾದರೂ ನೋಡಿಕೊಳ್ಳಬೇಕಲ್ಲ. ಮಧ್ಯಾಹ್ನ ಒಬ್ಬ ಸಿಬ್ಬಂದಿ, ನಾನು ಹೊರಗೆ ನಿಂತದ್ದು ನೋಡಿ, ತಾನಾಗೇ ಬಂದು ಹೇಳಿದಳು. ಮಗು ಹತ್ತಲು ಆಗದಿದ್ದರೆ ಗಂಡ ಹೆಂಡತಿ ಒಬ್ಬರ ನಂತರ ಒಬ್ಬರು ಹೋಗಬಹುದು, ಎರಡನೆಯವರು ಮತ್ತೆ ಸಾಲಿನಲ್ಲಿ ನಿಲ್ಲಬೇಕಿಲ್ಲ. ಚೈಲ್ಡ್ ಸ್ವಾಪ್ ಅಂತಾರೆ, ಡಿಸ್ನಿಯಲ್ಲಿ ರೈಡರ್ ಸ್ವಿಚ್. ದುಡ್ಡಿಲ್ಲ. ಕ್ರಮ ಪಾರ್ಕಿಂದ ಪಾರ್ಕಿಗೆ ಸ್ವಲ್ಪ ಬೇರೆ ಇರುತ್ತೆ, ಬಾಗಿಲಲ್ಲೇ ಕೇಳಿಬಿಡಿ. ಮೊದಲೇ ಗೊತ್ತಿದ್ದರೆ ನನ್ನ ಪಾಸೂ ಬೇಕಿರಲಿಲ್ಲ.

ಮೂರು ಗಂಟೆಗೆ ಆಕಾಶ ಕಪ್ಪಾಯಿತು. ಬೇಸಿಗೆಯಲ್ಲಿ ಫ್ಲೋರಿಡಾದಲ್ಲಿ ಮಧ್ಯಾಹ್ನದ ಗುಡುಗು ಮಳೆ ಹೆಚ್ಚುಕಮ್ಮಿ ದಿನಚರಿ. ಹತ್ತಿರದಲ್ಲಿ ಮಿಂಚು ಕಂಡರೆ ಹೊರಗಿನ ರೈಡ್‌ಗಳನ್ನೆಲ್ಲ ನಿಲ್ಲಿಸುತ್ತಾರೆ. ನಿಲ್ಲಿಸಿದರು, ಒಂದೂಕಾಲು ಗಂಟೆ. (ಡಿಸ್ನಿಯವರು ತಮ್ಮ ಪಾಸಿಗೆ ಲೈಟ್ನಿಂಗ್ ಲೇನ್, ಅಂದರೆ ಮಿಂಚಿನ ದಾರಿ, ಅಂತ ಹೆಸರಿಟ್ಟಿದ್ದಾರೆ. ಇಟ್ಟವರು ಜುಲೈನಲ್ಲಿ ಒರ್ಲಾಂಡೊಗೆ ಬಂದಿರಲಿಕ್ಕಿಲ್ಲ.) ಪಾಸಿನ ದುಡ್ಡು ವಾಪಸ್ ಕೇಳಿದೆ. ಮಳೆಗೆ ವಾಪಸ್ ಇಲ್ಲ ಅಂದರು. ಅದೂ ಆ ಸಣ್ಣ ಅಕ್ಷರದಲ್ಲೇ ಇತ್ತು.

ಮಳೆ ನಿಂತ ಮೇಲೆ ಪಾಸ್ ಇದ್ದವರೆಲ್ಲ ಒಟ್ಟಿಗೆ ನುಗ್ಗಿದರು. ನಮ್ಮ 'ಬೇಗದ' ಸಾಲು 45 ನಿಮಿಷ. ಪಕ್ಕದ ಸಾಲಿನವರ ಗತಿ ಇನ್ನೂ ಕಷ್ಟ. ರೈಡಿನ ಹತ್ತಿರ ಎರಡೂ ಸಾಲು ಸೇರುವ ಜಾಗದಲ್ಲಿ ಒಬ್ಬರು ನಿಂತು ಜನರನ್ನು ಬಿಡ್ತಾ ಇದ್ದರು, ಪಾಸಿನ ಸಾಲಿನಿಂದ ಒಂದು ದೊಡ್ಡ ಗುಂಪು, ಆ ಕಡೆಯಿಂದ ನಾಲ್ಕೇ ಜನ. ಸಾಮಾನ್ಯ ಸಾಲು ಯಾಕೆ ಅಷ್ಟು ನಿಧಾನ ಅಂತ ಅಲ್ಲಿ ಅರ್ಥವಾಯಿತು. ಹಿಂದಿನ ರಾತ್ರಿ ಪಂಕ್ತಿಭೇದ ಅಂತ ನಾನು ಆಡಿದ ಮಾತು ನೆನಪಾಗಿ, ಆ ಕಡೆ ನಿಂತವರ ಮುಖ ನೋಡದೆ ಒಳಗೆ ಹೋದೆ.

ಕೊನೆಯ ಪೆಟ್ಟು ಸಂಜೆ. ಮಗ ಒಂದು ಕೋಸ್ಟರ್‌ಗೆ ಮತ್ತೆ ಹೋಗ್ತೀನಿ ಅಂದ. ಪಾಸ್ ಸ್ಕ್ಯಾನ್ ಮಾಡಿದರೆ ಕೆಂಪು ದೀಪ. ಒಂದು ರೈಡಿಗೆ ಒಂದೇ ಸಲ. ಎಷ್ಟು ಸಲ ಬೇಕಾದರೂ ಹೋಗುವ ಪಾಸ್ ಬೇರೆ, ಅದರ ಬೆಲೆ ಇನ್ನೂ ಜಾಸ್ತಿ. ಯೂನಿವರ್ಸಲ್‌ನಲ್ಲೂ ಎಕ್ಸ್‌ಪ್ರೆಸ್ ಬೇರೆ, ಎಕ್ಸ್‌ಪ್ರೆಸ್ ಅನ್‌ಲಿಮಿಟೆಡ್ ಬೇರೆ. ಅಷ್ಟೇ ಅಲ್ಲ, ಅಲ್ಲಿಯ ದುಬಾರಿ ಹೋಟೆಲ್‌ಗಳಲ್ಲಿ ಮೂರರಲ್ಲಿ ಉಳಿದುಕೊಂಡವರಿಗೆ ಹಳೆಯ ಎರಡು ಪಾರ್ಕ್‌ಗಳ ಅನ್‌ಲಿಮಿಟೆಡ್ ಪಾಸ್ ರೂಮಿನ ಜೊತೆಗೇ ಬರುತ್ತೆ. ಡಿಸ್ನಿಯ ಹೋಟೆಲಿನಲ್ಲಿ ಇದ್ದರೆ ಪಾಸಿನಲ್ಲಿ ರೈಡ್ ಹತ್ತುವ ಸಮಯವನ್ನು 7 ದಿನ ಮುಂಚೆ ಆರಿಸಬಹುದು, ಹೊರಗಿನವರಿಗೆ 3 ದಿನ. ನಾಲ್ಕೈದು ಜನರ ಪಾಸಿನ ದುಡ್ಡು ಮತ್ತು ರೂಮಿನ ಬಾಡಿಗೆ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ಕೂಡಿ ನೋಡಿ. ಕೆಲವೊಮ್ಮೆ ದುಬಾರಿ ಹೋಟೆಲೇ ಅಗ್ಗ.

ಮಾರನೇ ದಿನ ಪಾಸ್ ಕೊಳ್ಳಲಿಲ್ಲ. ಹಟದಿಂದ. ಬಾಗಿಲು ತೆರೆಯುವ ಮುಕ್ಕಾಲು ಗಂಟೆ ಮುಂಚೆಯೇ ಹೋಗಿ ನಿಂತೆವು. ಹಿಂದಿನ ದಿನ 130 ನಿಮಿಷ ಇದ್ದ ಆ ಕೋಸ್ಟರ್‌ಗೆ ಮಗ ಮತ್ತು ನಮ್ಮನೆಯವರು 25 ನಿಮಿಷದಲ್ಲಿ ಹತ್ತಿದರು. ಮಧ್ಯಾಹ್ನ ಬಿಸಿಲು ಏರುವ ಹೊತ್ತಿಗೆ ಎಲ್ಲರೂ ಹೋಟೆಲಿಗೆ ಬಂದು ಅನ್ನ ಮೊಸರು ತಿಂದು ಮಲಗಿದೆವು.

ಬರುವ ರಜೆಗೆ ನನ್ನ ತಮ್ಮನ ಸಂಸಾರ ಮೈಸೂರಿಂದ ಬರುತ್ತಿದೆ. ಮೊನ್ನೆ ರಾತ್ರಿ ಪಾಸಿನ ಲಿಂಕ್ ಕಳಿಸಿ, "ಅಕ್ಕಾ, ಎಲ್ರಿಗೂ ಬುಕ್ ಮಾಡ್ಲಾ?" ಅಂತ ಕೇಳಿದ್ದ. ಮೊದಲು ಪಾಪುವಿನ ಎತ್ತರ ಅಳೆದು ಹೇಳು, ಜುಟ್ಟು ಬಿಚ್ಚಿ ಅಳೆ ಅಂದೆ. ಇನ್ನೂ ಉತ್ತರ ಬಂದಿಲ್ಲ.