ಪೇಜ್‌ಸ್ಪೀಡ್ ಇನ್‌ಸೈಟ್ಸ್: ವೇಗ ಹೇಳುತ್ತದೆ, ಸಲೀಸು ಹೇಳುವುದಿಲ್ಲ

ವ್ಯಾಪಾರಕ್ಕೆ ವೆಬ್‌ಸೈಟ್ ಮಾಡಿಸಿದವರು ಕೆಲಸ ಒಪ್ಪಿಕೊಳ್ಳುವ ಮುನ್ನ, ಪುಟದ ವೇಗ ಅಳೆಯುವ ಗೂಗಲ್‌ನ ಉಪಕರಣ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಒಮ್ಮೆ ಪರೀಕ್ಷಿಸಲೇಬೇಕು. ಉಚಿತ, ಖಾತೆ ಬೇಡ, ಪುಟದ ವಿಳಾಸ ಹಾಕಿದರೆ ಸಾಕು. ಆದರೆ ಅದು ಕೊಡುವ ಹಸಿರು ಅಂಕವನ್ನೇ ‘ಗ್ರಾಹಕಸ್ನೇಹಿ’ ಎಂಬ ಪ್ರಮಾಣಪತ್ರ ಎಂದುಕೊಂಡರೆ ಮೋಸ ಹೋಗುತ್ತೀರಿ.

ಎಲ್ಲರ ಕಣ್ಣೂ ಮೊದಲು ಹೋಗುವುದು ವೃತ್ತದೊಳಗಿನ ಅಂಕದ ಮೇಲೆ. ಓದಬೇಕಾದ್ದು ಅದರ ಮೇಲಿರುವ ಭಾಗವನ್ನು. ಕ್ರೋಮ್‌ನಲ್ಲಿ ನಿಮ್ಮ ಸೈಟ್ ತೆರೆದ ನಿಜವಾದ ಜನರ 28 ದಿನಗಳ ಅನುಭವ ಅಲ್ಲಿದೆ. ಮುಖ್ಯ ಚಿತ್ರ ಅಥವಾ ಬರಹ 2.5 ಸೆಕೆಂಡಿನೊಳಗೆ ಮೂಡಬೇಕು (ಎಲ್‌ಸಿಪಿ), ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪರದೆ ಸ್ಪಂದಿಸಬೇಕು (ಐಎನ್‌ಪಿ), ಪುಟದ ಭಾಗಗಳು ತಾವಾಗಿ ಜರುಗುವ ಪ್ರಮಾಣ 0.1 ಮೀರಬಾರದು (ಸಿಎಲ್‌ಎಸ್). ನೂರರಲ್ಲಿ 75 ಭೇಟಿಗಳಾದರೂ ಈ ಮಿತಿಯೊಳಗಿದ್ದರೆ ಪಾಸು. ಇಂದು ಸರಿಪಡಿಸಿದ್ದು ಇಲ್ಲಿ ಪೂರ್ತಿ ಕಾಣಲು 28 ದಿನ ಬೇಕು. ಭೇಟಿಗಳು ಕಡಿಮೆಯಿದ್ದರೆ ಈ ಭಾಗ ಖಾಲಿಯಿರುತ್ತದೆ. ಹೊಸ ಸೈಟ್‌ಗಳಿಗೆ ಇದೇ ದೊಡ್ಡ ಕೊರತೆ.

ಕೆಳಗಿನ ಅಂಕ ಸಾಧಾರಣ ಫೋನು, ನಿಧಾನದ ನೆಟ್‌ವರ್ಕ್ ಇದೆಯೆಂದು ಭಾವಿಸಿ ನಡೆಸುವ ಪರೀಕ್ಷೆಯದು. ಒಮ್ಮೆ ಇದ್ದಂತೆ ಇನ್ನೊಮ್ಮೆ ಇರುವುದಿಲ್ಲ. ಐದು ಸಲ ನಡೆಸಿ, ಏರಿಕೆ ಕ್ರಮದಲ್ಲಿಟ್ಟು ನಡುವಿನದನ್ನು ಹಿಡಿಯಿರಿ. ಡಿಸೈನರ್ ಕಳಿಸಿದ ಸ್ಕ್ರೀನ್‌ಶಾಟ್ ಡೆಸ್ಕ್‌ಟಾಪ್ ಟ್ಯಾಬ್‌ನದ್ದಾಗಿದ್ದರೆ ಮೊಬೈಲ್‌ನದ್ದನ್ನು ಕೇಳಿ ಪಡೆಯಿರಿ. ಡೆಸ್ಕ್‌ಟಾಪ್‌ನಲ್ಲಿ ಅಂಕ ಸಾಮಾನ್ಯವಾಗಿ ಧಾರಾಳ.

ಈ ಉಪಕರಣದ ನಿಜವಾದ ಬೆಲೆ ತಿಳಿಯುವುದು ಮುಖಪುಟದ ದೊಡ್ಡ ಚಿತ್ರದ ವಿಷಯದಲ್ಲಿ. ಕ್ಯಾಮೆರಾದಿಂದ ಬಂದ 4000 ಪಿಕ್ಸೆಲ್ ಅಗಲದ ಫೋಟೊವನ್ನು ಹಾಗೇ ಏರಿಸಿರುತ್ತಾರೆ; ಫೋನಿಗೆ 1200 ಪಿಕ್ಸೆಲ್, ವೆಬ್‌ಪಿ ಎಂಬ ಹಗುರ ಕಡತದ ರೂಪ ಸಾಕು. ಇನ್ನೊಂದು ತಪ್ಪು ಸೂಕ್ಷ್ಮವಾದದ್ದು: ಎಲ್ಲ ಚಿತ್ರಗಳಿಗೂ ಹಾಕಿದ ಹಾಗೆ ಈ ಮೊದಲ ಚಿತ್ರಕ್ಕೂ ಲೇಜಿ ಲೋಡಿಂಗ್ (ಪರದೆಯ ಹತ್ತಿರ ಬಂದಾಗಷ್ಟೇ ಚಿತ್ರ ತರಿಸುವ ವ್ಯವಸ್ಥೆ) ಹಾಕಿಬಿಡುವುದು. ಆಗ ಪುಟದ ವಿನ್ಯಾಸ ಲೆಕ್ಕ ಹಾಕಿ ಮುಗಿಯುವವರೆಗೆ ಬ್ರೌಸರ್ ಆ ಚಿತ್ರವನ್ನು ತರಲು ಹೊರಡುವುದೇ ಇಲ್ಲ, ಎಲ್‌ಸಿಪಿ ಹಿಗ್ಗುತ್ತದೆ. ವರದಿ ಆ ಚಿತ್ರವನ್ನೇ ಬೊಟ್ಟುಮಾಡಿ ತೋರಿಸುತ್ತದೆ. ಲೇಜಿ ತೆಗೆದು, ಯಾವುದನ್ನು ಮೊದಲು ತರಬೇಕೆಂದು ಬ್ರೌಸರ್‌ಗೆ ಹೇಳುವ ಫೆಚ್‌ಪ್ರಯಾರಿಟಿಯನ್ನು ‘ಹೈ’ ಮಾಡಿಸಿ. ಚಿತ್ರದ ಅಗಲ, ಎತ್ತರವನ್ನು ಕೋಡ್‌ನಲ್ಲೇ ಬರೆಸಿ. ಇಲ್ಲದಿದ್ದರೆ ‘ಕರೆ ಮಾಡಿ’ ಬಟನ್ ಒತ್ತಲು ಬೆರಳು ಇಳಿಯುವಷ್ಟರಲ್ಲಿ ಮೇಲೆ ಚಿತ್ರ ಬಂದು ಕೂತು, ಬಟನ್ ಕೆಳಗೆ ಜಾರಿ, ಬೆರಳು ಇನ್ನೆಲ್ಲೋ ಬೀಳುತ್ತದೆ.

ಇನ್ನು, ಇದಕ್ಕೆ ಕಾಣದ ಸಂಗತಿಗಳು. ಚಿತ್ರದಲ್ಲೇನಿದೆ ಎಂದು ಹೇಳಬೇಕಾದ ಪರ್ಯಾಯ ಪಠ್ಯ ಬರೀ ‘ಚಿತ್ರ1’ ಎಂದಿದ್ದರೂ ಇದಕ್ಕೆ ಒಪ್ಪಿಗೆಯೇ. ಪರದೆ ಓದುವ ತಂತ್ರಾಂಶ ಬಳಸುವ ಅಂಧರಿಗೆ ಅದರಿಂದ ಏನೂ ಸಿಗದು. ಅಕ್ಷರ ಮತ್ತು ಹಿನ್ನೆಲೆಯ ಬಣ್ಣದ ಅಂತರ 4.5:1ಕ್ಕಿಂತ ಕಡಿಮೆಯಿದ್ದರೆ ಸರಿಯಾಗಿ ಹಿಡಿಯುತ್ತದೆ. ಆದರೆ ಫಾರ್ಮ್‌ನಲ್ಲಿ ಲೇಬಲ್ ಇಲ್ಲದೆ ಖಾನೆಯೊಳಗೆ ಮಸುಕಾದ ಸುಳಿವಷ್ಟೇ ಇದ್ದರೂ ಪಾಸು ಮಾಡುತ್ತದೆ. ಬಳಸುವವರು ಟೈಪ್ ಮಾಡತೊಡಗಿದ ಕೂಡಲೇ ಸುಳಿವು ಮಾಯ, ಯಾವ ಖಾನೆ ಯಾವುದಕ್ಕೆಂದು ತಿಳಿಯಲು ಬರೆದದ್ದನ್ನೇ ಅಳಿಸಬೇಕು.

ಕನ್ನಡದ ಸೈಟ್‌ಗಳಿಗೆ ಒಂದು ಮಾತು. ಒತ್ತಕ್ಷರಗಳಿಂದಾಗಿ ನಮ್ಮ ಫಾಂಟ್ ಕಡತಗಳು ತೂಕದವು. ಅಂಕ ಏರಿಸಲೆಂದು ಫಾಂಟ್ ಕಡತದಿಂದ ಬೇಡದ್ದನ್ನು ಕತ್ತರಿಸುವಾಗ ಅಕ್ಷರ ಜೋಡಿಸುವ ನಿಯಮಗಳೂ ಉದುರಿದರೆ ‘ಸ್ತ್ರೀ’, ‘ಶಾಸ್ತ್ರ’ ಒಡೆದು ಕಾಣುತ್ತವೆ. ಅಂಕ ಮಾತ್ರ ಹೆಚ್ಚೇ! ಫಾಂಟನ್ನು ಸಾಧಾರಣ, ದಪ್ಪ ಎಂಬ ಎರಡೇ ರೂಪಗಳಿಗೆ ಸೀಮಿತಗೊಳಿಸುವುದು ಇದಕ್ಕಿಂತ ವಾಸಿ.

ದೂರವಾಣಿ ಸಂಖ್ಯೆ ಒತ್ತಿದರೆ ಕರೆ ಹೋಗುತ್ತದೆಯೇ, ಅಂಗಡಿಯ ವೇಳೆ ಎರಡನೇ ಒತ್ತಿನೊಳಗೆ ಸಿಗುತ್ತದೆಯೇ, ಮೆನುವಿನ ‘ಪರಿಹಾರಗಳು’ ಎಂದರೇನೆಂದು ಹೊರಗಿನವರಿಗೆ ಅರ್ಥವಾಗುತ್ತದೆಯೇ ಎಂಬ ಯಾವುದೂ ವರದಿಯಲ್ಲಿ ಬರುವುದಿಲ್ಲ. ಸೈಟ್ ನೋಡಿರದ ಯಾರಿಗಾದರೂ ಫೋನ್ ಕೊಟ್ಟು, ಬೆಲೆ ವಿಚಾರಿಸಿ ಫಾರ್ಮ್ ಕಳಿಸಲು ಹೇಳಿ, ಸುಮ್ಮನೆ ಪಕ್ಕದಲ್ಲಿ ಕುಳಿತು ನೋಡಿ. ಬೇಕೆಂದೇ ಒಂದು ಅಂಕಿ ಕಡಿಮೆ ಮೊಬೈಲ್ ಸಂಖ್ಯೆ ಹಾಕಿಸಿ: ತಪ್ಪು ಯಾವ ಖಾನೆಯಲ್ಲಿದೆ ಎಂದು ಹೇಳಬೇಕು, ಉಳಿದ ಖಾನೆಗಳಲ್ಲಿ ತುಂಬಿದ್ದು ಹಾಗೇ ಉಳಿಯಬೇಕು.