ಪ್ರಾಕ್ಸ್‌ಮಾಕ್ಸ್ ಮೇಲ್ ಗೇಟ್‌ವೇ: ಸರ್ವರ್ ಬದಲಿಸುವಾಗ ಬಂದ ಮೇಲ್ ಹಿಡಿದಿಡಲು

ಪಣಂಬೂರಿನ ಶಿಪ್ಪಿಂಗ್ ಏಜೆನ್ಸಿ ಇರಲಿ, ಬೈಕಂಪಾಡಿಯ ಕಾರ್ಖಾನೆ ಇರಲಿ, ಉಡುಪಿಯ ಸಹಕಾರಿ ಸಂಘ ಇರಲಿ, ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡ ಹಲವರಿಗೆ ಅಪ್‌ಗ್ರೇಡ್ ಇನ್ನು ಮುಂದೂಡುವಂತಿಲ್ಲ. ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್ ಎಕ್ಸ್‌ಚೇಂಜ್ 2016 ಮತ್ತು 2019ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಲಿನಕ್ಸ್ ಕಡೆಯೂ ಹಾದಿ ಸಲೀಸಿಲ್ಲ. ಡೆಬಿಯನ್ ಎಂಬ ಲಿನಕ್ಸ್‌ನ 12ರಿಂದ 13ಕ್ಕೆ ಹೋದರೆ, ಬಳಕೆದಾರರಿಗೆ ಮೇಲ್ ತೆರೆದು ಕೊಡುವ ಡವ್‌ಕಾಟ್ ತಂತ್ರಾಂಶದ 2.3 ಹೋಗಿ 2.4 ಬರುತ್ತದೆ, ಹಳೆಯ ಕಾನ್ಫಿಗ್ ಫೈಲ್ ಇಟ್ಟುಕೊಂಡು ಅದು ಏಳುವುದೇ ಇಲ್ಲ. ಎರಡು ಗಂಟೆಯ ಕೆಲಸ ಹತ್ತು ಗಂಟೆಗೆ ಎಳೆಯುವುದು ಇಂಥ ಕಡೆಯೇ. ಅಷ್ಟು ಹೊತ್ತು ಬರುವ ಮೇಲ್‌ಗಳನ್ನು ಯಾರು ಹಿಡಿದಿಟ್ಟುಕೊಳ್ಳಬೇಕು? ಈ ಕೆಲಸಕ್ಕೆ, ಮೇಲ್ ಸರ್ವರ್‌ನ ಮುಂದೆ ನಿಂತು ಬರುವ ಮೇಲ್ ಶೋಧಿಸಿ ಒಳಗೆ ಕಳುಹಿಸುವ ಪ್ರಾಕ್ಸ್‌ಮಾಕ್ಸ್ ಮೇಲ್ ಗೇಟ್‌ವೇ ತುಂಬಾ ಒಳ್ಳೆಯದು, ಕೆಲವು ಡೀಫಾಲ್ಟ್‌ಗಳನ್ನು ಮೊದಲೇ ಬದಲಿಸಿಕೊಂಡರೆ ಮಾತ್ರ.

ಇದನ್ನು ಜನ ಹಾಕಿಕೊಳ್ಳುವುದು ಸ್ಪ್ಯಾಮ್ ಮತ್ತು ವೈರಸ್ ತಡೆಯಲು. ಒಳಗಿರುವುದು ಡೆಬಿಯನ್, ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್, ಸ್ಪ್ಯಾಮ್ ಗುರುತಿಸುವ ಸ್ಪ್ಯಾಮ್‌ಅಸ್ಯಾಸಿನ್, ವೈರಸ್ ಹುಡುಕುವ ಕ್ಲ್ಯಾಮ್‌ಎವಿ. ಎಜಿಪಿಎಲ್ ಲೈಸೆನ್ಸ್‌ನ ಮುಕ್ತ ತಂತ್ರಾಂಶವಾದ್ದರಿಂದ ಹಣ ಕೊಡಬೇಕಿಲ್ಲ. ವಾರ್ಷಿಕ ಸಬ್‌ಸ್ಕ್ರಿಪ್ಷನ್ ತೆಗೆದುಕೊಂಡವರಿಗೆ ಹೆಚ್ಚು ಪರೀಕ್ಷಿಸಿದ ಅಪ್‌ಡೇಟ್‌ಗಳ ಭಂಡಾರ (ರೆಪಾಸಿಟರಿ) ಸಿಗುತ್ತದೆ. ತೆಗೆದುಕೊಳ್ಳದಿದ್ದರೆ ಲಾಗಿನ್ ಆದಾಗಲೆಲ್ಲ ಒಂದು ಎಚ್ಚರಿಕೆ ಕಿಟಕಿ ಬರುತ್ತದೆ, ಅಷ್ಟೆ. ಇನ್‌ಸ್ಟಾಲ್ ಡಿಸ್ಕಿನ ಫೈಲ್ ಆದ ಐಎಸ್‌ಒ ಹಾಕಿ ಇನ್‌ಸ್ಟಾಲ್ ಮಾಡಿದರೆ ಬ್ರೌಸರ್‌ನಲ್ಲಿ 8006ನೇ ಪೋರ್ಟ್‌ನಲ್ಲಿ ಎಲ್ಲವೂ ಸಿಗುತ್ತದೆ. 4 ಜಿಬಿ ರ್‍ಯಾಮ್‌ಗಿಂತ ಕಡಿಮೆ ಕೊಡಬೇಡಿ, ಕ್ಲ್ಯಾಮ್‌ಎವಿ ವೈರಸ್ ಗುರುತಿಸಲು ಬಳಸುವ ಸಹಿಗಳೇ ಒಂದು ಜಿಬಿಗೂ ಹೆಚ್ಚು ತಿನ್ನುತ್ತವೆ.

ಮೇಲ್ ಯಾವ ಸರ್ವರ್‌ಗೆ ಬರಬೇಕು ಎಂದು ಡಿಎನ್‌ಎಸ್‌ನಲ್ಲಿ (ಇಂಟರ್ನೆಟ್‌ನ ವಿಳಾಸ ಪಟ್ಟಿ) ಹೇಳುವ ನಿಮ್ಮ ಡೊಮೇನ್‌ನ ಎಂಎಕ್ಸ್ ರೆಕಾರ್ಡ್ ಈ ಗೇಟ್‌ವೇ ಕಡೆ ತಿರುಗಿರಬೇಕು. ಎರಡು ದಿನ ಮುಂಚೆಯೇ ಟಿಟಿಎಲ್ (ಆ ರೆಕಾರ್ಡನ್ನು ಬೇರೆಯವರು ನೆನಪಿಟ್ಟುಕೊಳ್ಳುವ ಅವಧಿ) ಅನ್ನು 300 ಸೆಕೆಂಡಿಗೆ ಇಳಿಸಿ, ಆಮೇಲೆ ಎಂಎಕ್ಸ್ ಬದಲಿಸಿ. ಸರ್ವರ್ ಮುಟ್ಟುವ ಕನಿಷ್ಠ ಒಂದು ವಾರ ಮೊದಲೇ ಇದೆಲ್ಲ ಮುಗಿದು, ಗೇಟ್‌ವೇ ಮೂಲಕ ಹಳೆಯ ಸರ್ವರ್‌ಗೆ ಮೇಲ್ ಸರಾಗವಾಗಿ ಹೋಗುತ್ತಿರಬೇಕು. ಅಲ್ಲಿಂದ ಮುಂದೆ ಡಿಎನ್‌ಎಸ್ ಮುಟ್ಟುವ ಅಗತ್ಯವೇ ಇಲ್ಲ. ‘ಮೇಲ್ ಪ್ರಾಕ್ಸಿ’ ಅಡಿಯ ‘ಟ್ರಾನ್ಸ್‌ಪೋರ್ಟ್ಸ್’ ಪುಟದಲ್ಲಿ ಡೊಮೇನ್ ಎದುರಿನ ಐಪಿ ಬದಲಿಸಿದರೆ ಮೇಲ್ ಹೊಸ ಸರ್ವರ್‌ಗೆ ಹೋಗುತ್ತದೆ, ತೊಂದರೆಯಾದರೆ ಅದೇ ಸಾಲನ್ನು ಹಿಂದಕ್ಕೆ ಬರೆದರೆ ಸಾಕು. ಇದರ ದೊಡ್ಡ ಗುಣವೇ ಇದು.

ಸರ್ವರ್ ಪೂರ್ತಿ ಬಂದ್ ಆಗಿದ್ದರೆ ಮೇಲ್ ಕಳೆಯುವುದಿಲ್ಲ. ಗೇಟ್‌ವೇ ಅದನ್ನು ಕ್ಯೂನಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಪೋಸ್ಟ್‌ಫಿಕ್ಸ್‌ನ ಡೀಫಾಲ್ಟ್ ಅವಧಿ 5 ದಿನ. ಅಪಾಯ ಇರುವುದು ಅರ್ಧ ಎದ್ದ ಸರ್ವರ್‌ನಲ್ಲಿ. ಮೇಲ್ ಸ್ವೀಕರಿಸುವ 25ನೇ ಪೋರ್ಟ್ ತೆರೆದಿದೆ, ಆದರೆ ಖಾತೆಗಳು ಇನ್ನೂ ಬಂದಿಲ್ಲ ಅಂದರೆ ಅದು ‘550, ಈ ಬಳಕೆದಾರ ಇಲ್ಲ’ ಎಂದು ಉತ್ತರಿಸುತ್ತದೆ. 4ರಿಂದ ಶುರುವಾಗುವ ಕೋಡ್ ಬಂದರೆ ಮೇಲ್ ಕಾಯುತ್ತದೆ, 5ರಿಂದ ಶುರುವಾಗುವುದು ಬಂದರೆ ಅಲ್ಲಿಗೇ ಮುಗಿಯಿತು, ಕಳುಹಿಸಿದವರಿಗೆ ವಾಪಸ್. ಆದ್ದರಿಂದ ಎಲ್ಲ ಖಾತೆ ಪರೀಕ್ಷಿಸುವ ತನಕ ಹೊಸ ಸರ್ವರ್‌ನ ಫೈರ್‌ವಾಲ್‌ನಲ್ಲಿ ಗೇಟ್‌ವೇಯನ್ನು ತಡೆದಿಡಿ. ಅಲ್ಲೂ ಪೋಸ್ಟ್‌ಫಿಕ್ಸ್ ಇದ್ದರೆ ‘ಸಾಫ್ಟ್ ಬೌನ್ಸ್’ ಆನ್ ಮಾಡಿ, 5ರ ಕೋಡ್‌ಗಳೆಲ್ಲ 4ರವಾಗುತ್ತವೆ. ಕೆಲಸ ಮುಗಿದ ಮೇಲೆ ಅದನ್ನು ಆಫ್ ಮಾಡುವುದನ್ನು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳಿ.

ಇದೇ ಜಾಗದಲ್ಲಿ ‘ವೆರಿಫೈ ರಿಸೀವರ್ಸ್’ ಎಂಬ ಸೆಟ್ಟಿಂಗ್ ಕೈಕೊಡುತ್ತದೆ. ಮೇಲ್ ಪಡೆಯುವ ವಿಳಾಸ ಇದೆಯೇ ಎಂದು ಗೇಟ್‌ವೇ ಒಳಗಿನ ಸರ್ವರ್‌ಗೆ ಮೊದಲೇ ಕೇಳುವ ವ್ಯವಸ್ಥೆ ಇದು. ಅದನ್ನು 550ಕ್ಕೆ ಇಟ್ಟಿದ್ದರೆ ಅರ್ಧ ಎದ್ದ ಸರ್ವರ್‌ನ ತಪ್ಪು ಉತ್ತರವನ್ನು ಗೇಟ್‌ವೇ ನೆನಪಿಟ್ಟುಕೊಂಡು, ಸರ್ವರ್ ಸರಿಯಾದ ಮೇಲೂ ಗಂಟೆಗಟ್ಟಲೆ ಬಾಗಿಲಲ್ಲೇ ಮೇಲ್ ತಿರಸ್ಕರಿಸುತ್ತದೆ. ಅಪ್‌ಗ್ರೇಡ್ ಮುಗಿಯುವ ತನಕ ಇದು 450 ಇರಲಿ. ಬದಲಾವಣೆ ಆದ ತಕ್ಷಣ ಕ್ಯೂ ಪುಟದಲ್ಲೇ ಇರುವ ಬಟನ್ ಒತ್ತಿ ವಿಳಾಸ ಪರಿಶೀಲನೆಯ ಡೇಟಾಬೇಸ್ ಅಳಿಸಿ, ಆಮೇಲೆ ಕಾದಿರುವ ಮೇಲ್ ಹೊರಡಲು ‘ಫ್ಲಶ್ ಕ್ಯೂ’ ಒತ್ತಿ.

ಮೆಸೇಜ್ ಗಾತ್ರದ ಮಿತಿ ಡೀಫಾಲ್ಟ್ ಆಗಿ 10 ಎಂಬಿ. ಬಿಲ್ ಆಫ್ ಲೇಡಿಂಗ್ (ಹಡಗಿನ ಸರಕಿನ ರಸೀದಿ), ಇನ್‌ವಾಯ್ಸ್ ಎಲ್ಲ ಸ್ಕ್ಯಾನ್ ಮಾಡಿ ಕಳುಹಿಸುವ ಬಂದರಿನ ವ್ಯವಹಾರಕ್ಕೆ ಇದು ಸಾಲದು. ಅಟ್ಯಾಚ್‌ಮೆಂಟ್ ಮೇಲ್‌ನಲ್ಲಿ ಎನ್‌ಕೋಡ್ ಆದಾಗ ಮೂರನೇ ಒಂದರಷ್ಟು ಉಬ್ಬುವುದರಿಂದ 8 ಎಂಬಿಯ ಪಿಡಿಎಫ್ ಕೂಡ ತಿರಸ್ಕೃತವಾಗುತ್ತದೆ, ಅದೂ 5ರ ಕೋಡ್‌ನಲ್ಲಿ. ಹಿಂದಿನ ಸರ್ವರ್‌ನಲ್ಲಿ ಎಷ್ಟಿತ್ತೋ ಅಷ್ಟಕ್ಕೆ ಏರಿಸಿ. ಮೇಲ್ 4 ಗಂಟೆ ಕಾದ ಮೇಲೆ ವಿಳಂಬದ ಎಚ್ಚರಿಕೆ ಹೋಗುವಂತೆ ನಿಗದಿಯಾಗಿದೆ. ಕೆಲಸ ಅದಕ್ಕಿಂತ ಉದ್ದವಾದರೆ ಮೇಲ್ ಕಳುಹಿಸಿದವರಿಗೆ ‘ಇನ್ನೂ ತಲುಪಿಲ್ಲ’ ಎಂಬ ಸೂಚನೆ ಹೋಗಿ, ಅವರು ಅದೇ ಮೇಲ್ ಮತ್ತೆ ಕಳುಹಿಸುತ್ತಾರೆ. ಆ ರಾತ್ರಿಯ ಮಟ್ಟಿಗೆ ಈ ಎಚ್ಚರಿಕೆಯ ಅವಧಿಯನ್ನು 0 ಮಾಡಿ. ಹೊಸಬರ ಮೇಲ್ ಅನ್ನು ಮೊದಲ ಸಲ ‘ಆಮೇಲೆ ಬನ್ನಿ’ ಎಂದು ಕಳುಹಿಸುವ ಗ್ರೇಲಿಸ್ಟಿಂಗ್ ಕೂಡ ಆಫ್ ಇರಲಿ, ಇಲ್ಲದಿದ್ದರೆ ತಡ ಎಲ್ಲಿ ಆಗುತ್ತಿದೆ ಎಂದು ಹುಡುಕುವುದು ಕಷ್ಟ.

ಹೊಸ ಸರ್ವರ್‌ಗೆ ಎಲ್ಲ ಮೇಲ್ ಬರುವುದು ಗೇಟ್‌ವೇಯ ಒಂದೇ ಐಪಿಯಿಂದ. ಅಲ್ಲಿ ಎಸ್‌ಪಿಎಫ್ (ಡೊಮೇನ್‌ನ ಹೆಸರಲ್ಲಿ ಯಾವ ಐಪಿಗಳು ಮೇಲ್ ಕಳುಹಿಸಬಹುದು ಎಂಬ ಪಟ್ಟಿ) ಪರಿಶೀಲನೆ ಹಾಗೇ ಇಟ್ಟರೆ ಜಿಮೇಲ್‌ನಿಂದ ಬಂದದ್ದೂ ನಕಲಿಯಂತೆ ಕಾಣುತ್ತದೆ. ಕ್ಯೂ ಫ್ಲಶ್ ಮಾಡಿದಾಗ ಒಮ್ಮೆಗೇ ನೂರಾರು ಮೇಲ್ ನುಗ್ಗುವುದನ್ನು ಕಂಡು, ಅನುಮಾನದ ಐಪಿಗಳನ್ನು ತಡೆಯುವ ಫೇಲ್‌ಟುಬ್ಯಾನ್ ತಂತ್ರಾಂಶ ಗೇಟ್‌ವೇಯನ್ನೇ ಬ್ಲಾಕ್ ಮಾಡುವ ಸಾಧ್ಯತೆಯೂ ಇದೆ. ಎರಡರಿಂದಲೂ ಆ ಐಪಿಗೆ ವಿನಾಯಿತಿ ಕೊಡಿ.

ಹೊರಹೋಗುವ ಮೇಲ್ ಅನ್ನು ಗೇಟ್‌ವೇಯ 26ನೇ ಪೋರ್ಟ್‌ಗೆ ಕೊಟ್ಟರೆ ಹೊರಜಗತ್ತಿಗೆ ಕಾಣುವ ಐಪಿ ಒಂದೇ ಉಳಿಯುತ್ತದೆ. ಒಳಗೆ ಸರ್ವರ್ ಎಷ್ಟು ಸಲ ಬದಲಾದರೂ ಎಸ್‌ಪಿಎಫ್, ಪಿಟಿಆರ್ (ಐಪಿಯಿಂದ ಹೆಸರು ತಿಳಿಸುವ ರೆಕಾರ್ಡ್) ಹಾಗೇ ಇರುತ್ತವೆ, ಮೇಲ್ ಅಸಲಿ ಎಂದು ತೋರಿಸುವ ಡಿಕೆಐಎಂ ಸಹಿಯನ್ನೂ ಗೇಟ್‌ವೇಯೇ ಹಾಕಬಲ್ಲದು. ಪಿಟಿಆರ್ ಮಾಡಿಸಲು ಇಂಟರ್ನೆಟ್ ಕಂಪನಿಗೆ ಬೇಗನೆ ಬರೆಯಿರಿ, ಅದು ನಿಮ್ಮ ಕೈಯಲ್ಲಿರುವ ಕೆಲಸ ಅಲ್ಲ.

ಸಾಧ್ಯವಾದರೆ ಗೇಟ್‌ವೇ ಮತ್ತು ಸರ್ವರ್ ಒಂದೇ ಯುಪಿಎಸ್, ಒಂದೇ ಫೈಬರ್ ಮೇಲೆ ಇರದಿರಲಿ. ಮಳೆಗಾಲದ ಕರೆಂಟು ಮತ್ತು ಕೇಬಲ್ ನೆಚ್ಚಿಕೊಳ್ಳುವಂಥದ್ದಲ್ಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್ ಸಂಜೆಗಳಲ್ಲಿ ಸಿಡಿಲಿನ ಕಾಟ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಕೊಲ್ಲಿ ದೇಶಗಳ ಜತೆ ವ್ಯವಹಾರ ಇರುವವರು ಇನ್ನೊಂದು ಗಮನಿಸಬೇಕು: ಸೌದಿ, ಕುವೈತ್, ಕತಾರ್‌ನಲ್ಲಿ ಭಾನುವಾರ ಕೆಲಸದ ದಿನ. ಶನಿವಾರ ಸಂಜೆ ಶುರು ಮಾಡಿ ಭಾನುವಾರ ಬೆಳಿಗ್ಗೆ 10ರೊಳಗೆ ಮುಗಿಸುವಂತೆ ಲೆಕ್ಕ ಹಾಕಿ.

ಇದರ ಕೈಗೆ ಸಿಗದ ಕೆಲಸಗಳೂ ಇವೆ. ಬಳಕೆದಾರರ ಲಾಗಿನ್ ಇದು ನೋಡಿಕೊಳ್ಳುವುದಿಲ್ಲ, ಬಳಕೆದಾರರು ಮೇಲ್ ಕಳುಹಿಸುವ 587 ಮತ್ತು ಸರ್ವರ್‌ನಲ್ಲಿರುವ ಮೇಲ್ ನೋಡುವ ಐಮ್ಯಾಪ್ ಪೋರ್ಟ್‌ಗಳು ನೇರ ಸರ್ವರ್‌ಗೇ ಹೋಗಬೇಕು, ಹಾಗಾಗಿ ಒಳಗಿನವರಿಗೆ ಮೇಲ್ ನೋಡಲು ಸ್ವಲ್ಪ ಹೊತ್ತು ಆಗದು. ಹಳೆಯ ಮೇಲ್‌ಗಳ ಸ್ಥಳಾಂತರ ಐಮ್ಯಾಪ್‌ಸಿಂಕ್‌ನಂಥ ಬೇರೆ ಸಾಧನದ ಪಾಲು. ಇನ್ನೂ ಔಟ್‌ಲುಕ್‌ನಲ್ಲಿ, ಮೇಲ್ ಅನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳುವ ಹಳೆಯ ವಿಧಾನವಾದ ಪಾಪ್ ಬಳಸುವ ಕಚೇರಿಗಳಿದ್ದರೆ, ಹೊಸ ಸರ್ವರ್‌ನಲ್ಲಿ ಮೇಲ್‌ಗಳ ಗುರುತು ಸಂಖ್ಯೆ ಬದಲಾಗಿ ಸರ್ವರ್‌ನಲ್ಲಿ ಉಳಿಸಿದ ಅಷ್ಟೂ ಮೇಲ್ ಸೋಮವಾರ ಬೆಳಿಗ್ಗೆ ಇನ್ನೊಮ್ಮೆ ಇಳಿಯುತ್ತದೆ. ಅಂಥ ಕಂಪ್ಯೂಟರ್‌ಗಳನ್ನು ಮೊದಲೇ ಐಮ್ಯಾಪ್‌ಗೆ ಬದಲಿಸಿಡಿ.