ಕಡ್ಡಿ, ಹನಿ, ಗಿಲಕಿ: ಪುಟ್ಟ ಮಕ್ಕಳಿಗೆ ಲಯ ಕಲಿಸಲು ಯಾವುದು ವಾಸಿ?

ಸಂಗೀತ ತರಗತಿಯ ಸಾಮಾನಿಗೆ ಸಿಗುವ ಹಣವೇ ಕಡಿಮೆ. ಈ ವರ್ಷ ಅದರಲ್ಲಿ ಅರ್ಧಕ್ಕೂ ಹೆಚ್ಚು ಗಿಲಕಿ ತಯಾರಿಸುವ ಸಿದ್ಧ ಪೊಟ್ಟಣಗಳಿಗೆ ಹೋಯಿತು. ಬಣ್ಣದ ಡಬ್ಬಿ, ಕಾಳು, ಟೇಪ್, ಋತುವಿಗೊಂದರಂತೆ ಅಂಟಿಸುವ ಚಿತ್ರಗಳು ಎಲ್ಲವೂ ಅದರಲ್ಲಿದ್ದವು, ಲಯವೊಂದನ್ನು ಬಿಟ್ಟು. ಅದೇ ಮಕ್ಕಳು ಒಣ ಕಡ್ಡಿ, ಉದುರಿದ ಎಲೆ ಇಟ್ಟುಕೊಂಡು ನಾಲ್ಕು ಮಾತ್ರೆಯ (ಮಾತ್ರೆ ಎಂದರೆ ತಾಳದ ಒಂದು ಎಣಿಕೆ) ಸಾಲನ್ನು ಜೋಡಿಸಿದರು, ಓದಿದರು, ತಟ್ಟಿದರು, ಕಲಸಿ ಮತ್ತೆ ಜೋಡಿಸಿದರು. ನನ್ನ ಒಲವು ಎತ್ತ ಎಂಬುದು ಇಷ್ಟರಲ್ಲೇ ಗೊತ್ತಾಗಿರಬೇಕು.

ಗಿಲಕಿಯ ಮೇಲೆ ನನ್ನ ದೂರು ಒಂದೇ, ಆದರೆ ದೊಡ್ಡದು. ಡಬ್ಬಿಯನ್ನು ಮುಂದಕ್ಕೆ ಬೀಸಿದಾಗ ಕಾಳು ಒಂದು ಬದಿಗೆ ಬಡಿಯುತ್ತದೆ, ಕೈ ಹಿಂದಕ್ಕೆ ಬಂದಾಗ ಇನ್ನೊಂದು ಬದಿಗೆ. ಮಗುವಿನ ಲೆಕ್ಕದಲ್ಲಿ ಅದು ಒಂದು ಪೆಟ್ಟು, ಕೇಳುವ ಕಿವಿಗೆ ಎರಡು. ಬಾಯಿ ಒಂದು ಮಾತ್ರೆಯ ‘ತಾ’ ಎನ್ನುವಾಗ ಕೈಯಿಂದ ಅರ್ಧರ್ಧ ಮಾತ್ರೆಯ ‘ತಿ-ತಿ’ ಹೊರಡುತ್ತದೆ. ಒಂದು ಮಾತ್ರೆಗೂ ಅರ್ಧ ಮಾತ್ರೆಗೂ ಇರುವ ವ್ಯತ್ಯಾಸವನ್ನೇ ಕಲಿಸಲು ಹೊರಟವರಿಗೆ ಇದಕ್ಕಿಂತ ಕೆಟ್ಟ ಸಾಧನ ಬೇಕಿಲ್ಲ. ಸಾಲದ್ದಕ್ಕೆ ಕಾಳುಗಳೆಲ್ಲ ಒಟ್ಟಿಗೆ ಬೀಳುವುದೂ ಇಲ್ಲ. ಡಬ್ಬಿ ಉದ್ದವಾದಷ್ಟೂ, ಕಾಳು ಹೆಚ್ಚಿದಷ್ಟೂ ‘ಝಲ್’ ಎನ್ನಬೇಕಾದದ್ದು ‘ಝಲಲಲ’ ಎಂದು ಮುಂದಿನ ಮಾತ್ರೆಗೂ ಹರಿದುಹೋಗುತ್ತದೆ. ಮೌನದ ಮಾತ್ರೆ ಬಂತೆಂದರೆ ಇನ್ನೂ ಪಜೀತಿ: ಕೈ ನಿಂತರೂ ಡಬ್ಬಿ ನಿಲ್ಲುವುದಿಲ್ಲ. ತರಗತಿ ತುಂಬ ಮಕ್ಕಳು ಹೀಗೆ ‘ಸುಮ್ಮನಿರುವುದನ್ನು’ ಒಮ್ಮೆ ಕೇಳಿ ನೋಡಿ.

ಪರಿಹಾರ ಇಲ್ಲದಿಲ್ಲ. ಚಿಕ್ಕ ಡಬ್ಬಿ ಆರಿಸಿ, ತಳ ಮುಚ್ಚುವಷ್ಟೇ ಕಾಳು ಹಾಕಿ, ಬೀಸುವ ಬದಲು ನೆಟ್ಟಗೆ ಹಿಡಿದು ಇನ್ನೊಂದು ಅಂಗೈಗೆ ತಟ್ಟಿಸಿದರೆ ಪೆಟ್ಟು ಸ್ಪಷ್ಟವಾಗುತ್ತದೆ. ಆದರೆ ಅಂಗೈಗೇ ತಟ್ಟುವುದಾದರೆ ಚಪ್ಪಾಳೆ ಸಾಕಿತ್ತಲ್ಲ! ಟೇಪ್ ಬಿಟ್ಟುಕೊಂಡು ಕಾಳು ನೆಲಕ್ಕೆ ಚೆಲ್ಲುವುದು, ಅದನ್ನು ಚಿಕ್ಕವರು ಬಾಯಿಗೆ ಹಾಕಿಕೊಂಡಾರೆಂದು ಕಾಯುವುದು ಬೇರೆ. ಹಾಡಿನ ಜೊತೆ ಸಮವಾದ ನಡೆಯನ್ನು ಹಿಡಿದು ಹೋಗಲು ಗಿಲಕಿ ಆದೀತು. ಲಯದ ವಿನ್ಯಾಸ ಓದಿಸಲು ಮಾತ್ರ ಬೇಡ.

ಮಳೆಗಾಲದ ಹನಿಪಟ್ಟಿ ಇದಕ್ಕಿಂತ ಎಷ್ಟೋ ಮೇಲು. ಉದ್ದನೆಯ ಕಾಗದವನ್ನು ಎರಡು ಸಲ ಅರ್ಧಕ್ಕೆ ಮಡಚಿದರೆ ಅಳತೆಪಟ್ಟಿಯಿಲ್ಲದೆ ನಾಲ್ಕು ಸಮನಾದ ಮನೆಗಳು. ಒಂದು ಮನೆಗೆ ಒಂದು ಹನಿ ಅಂಟಿಸಿದರೆ ‘ತಾ’, ಎರಡು ಅಂಟಿಸಿದರೆ ‘ತಿ-ತಿ’, ಮೋಡವಿದ್ದರೆ ಮೌನ. ಎಲ್ಲ ಹನಿಗಳೂ ಒಂದೇ ಗಾತ್ರದವಾಗಿರಲಿ. ‘ತಾ’ಗೆ ದೊಡ್ಡ ಹನಿ, ‘ತಿ’ಗೆ ಚಿಕ್ಕ ಹನಿ ಕತ್ತರಿಸಿಕೊಟ್ಟರೆ ಮಕ್ಕಳು ದೊಡ್ಡದನ್ನು ಜೋರಾಗಿಯೂ ಚಿಕ್ಕದನ್ನು ಮೆಲ್ಲಗೂ ತಟ್ಟುತ್ತಾರೆ, ಗಾತ್ರ ಅವರಿಗೆ ಕಾಲವನ್ನಲ್ಲ, ಸದ್ದನ್ನು ಸೂಚಿಸುತ್ತದೆ. ಇದರ ದೊಡ್ಡ ಕೊರತೆ ಗೋಂದು. ಅಂಟಿಸಿದ್ದು ಅಂಟಿಸಿದ ಹಾಗೆ. ಮೂರನೆಯ ಮನೆಯ ಹನಿಗಳನ್ನು ಮೊದಲನೆಯದಕ್ಕೆ ತಂದರೆ ಹೇಗೆ ಕೇಳಿಸೀತು ಎಂದು ಮಗು ಕೇಳಿದರೆ ಉತ್ತರ ಕೊಡಲು ಹೊಸ ಕಾಗದವೇ ಬೇಕು.

ಚಳಿಗಾಲಕ್ಕೆಂದು ಕಾಗದದ ಹಿಮಹೂವನ್ನೂ ಮಾಡಿಸಿದೆ. ನೋಡಲು ಚೆಂದ. ಆದರೆ ಹಿಮದ ಹರಳಿಗೆ ಆರು ಮೂಲೆ, ನಮ್ಮ ಪಾಠಕ್ಕೆ ಬೇಕಾದದ್ದು ನಾಲ್ಕು. ಮೂರು-ಮೂರರ ನಡೆ ಕಲಿಸುವ ಹೊತ್ತಿಗೆ ಅದನ್ನು ಹೊರತೆಗೆಯಬಹುದು.

ವಸಂತದ ಕಾಗದದ ಮಾಲೆಯಲ್ಲಿ ಕೆಲಸ ಮಾಡುವುದು ಕತ್ತರಿಯಲ್ಲ, ನಾಲಿಗೆ. ‘ಹೂ’ ಒಂದು ಗುರು, ‘ಎಲೆ’ ಎರಡು ಲಘು. ‘ಎಲೆ ಎಲೆ ಎಲೆ ಹೂ’ ಎಂದು ದಾರದ ಮೇಲೆ ಬೆರಳಾಡಿಸುತ್ತ ಓದಿದರೆ ‘ತಿ-ತಿ ತಿ-ತಿ ತಿ-ತಿ ತಾ’ ತಾನಾಗಿಯೇ ಬರುತ್ತದೆ. ಇದಕ್ಕೆ ನನ್ನ ಎರಡನೆಯ ಸ್ಥಾನ.

ಇನ್ನು ಕಡ್ಡಿ. ಹಂಗೇರಿಯ ಸಂಗೀತಕಾರ ಜೊಲ್ತಾನ್ ಕೊಡಾಯ್ (1882–1967) ಅವರ ಹೆಸರಿನ ಬೋಧನಾ ಪದ್ಧತಿಯಲ್ಲಿ ಒಂದು ಮತ್ತು ಅರ್ಧ ಮಾತ್ರೆಯ ಸ್ವರಗಳನ್ನು ಬರೆಯುವಾಗ ಪಾಶ್ಚಾತ್ಯ ಸ್ವರಲಿಪಿಯ ಗುರುತಿನ ದುಂಡು ತಲೆಯನ್ನು ಬಿಟ್ಟು ಗೀಟನ್ನಷ್ಟೇ ಎಳೆಯುವ ರೂಢಿಯಿದೆ. ತಾ, ತಿ-ತಿ ಎಂಬ ಉಚ್ಚಾರಗಳೂ ಆ ಪದ್ಧತಿಯವೇ. ಅವುಗಳ ಮೂಲ 19ನೇ ಶತಮಾನದ ಫ್ರಾನ್ಸಿನ ಸಂಗೀತ ಬೋಧಕ ಎಮಿಲ್ ಷೆವೆಯದು. ಗೀಟಿನ ಜಾಗದಲ್ಲಿ ಕಡ್ಡಿ ಇಟ್ಟರಾಯಿತು. ನಿಂತ ಕಡ್ಡಿ ಒಂದು, ಅದು ‘ತಾ’. ನಿಂತ ಎರಡರ ತಲೆಯ ಮೇಲೆ ಅಡ್ಡ ಒಂದು, ಅದು ‘ತಿ-ತಿ’. ಎಲೆ ಉದುರುವ ಕಾಲದಲ್ಲಿ ಅಂಗಳಕ್ಕೆ ಕರೆದುಕೊಂಡು ಹೋದರೆ ಸಾಮಾನು ಅಲ್ಲೇ ಬಿದ್ದಿರುತ್ತದೆ. ಅಡ್ಡ ಕಡ್ಡಿಯನ್ನು ದಾರದಿಂದ ಕಟ್ಟಿಬಿಟ್ಟರೆ ‘ತಿ-ತಿ’ ಒಂದೇ ತುಂಡಾಗಿ ಕೈಗೆ ಸಿಗುತ್ತದೆ. ಗಂಟು ಹಾಕುವ ಈ ಕೆಲಸಕ್ಕೆ ದೊಡ್ಡ ಮಕ್ಕಳ ನೆರವು ಬೇಕಾಗುತ್ತದೆ. ಎರಡು ಮಾತ್ರೆಯ ಸ್ವರಕ್ಕೆ ತಲೆ ಬೇಕೇ ಬೇಕು. ತೆಳು ಬಳ್ಳಿಯನ್ನು ಉಂಗುರವಾಗಿ ಸುತ್ತಿ ಕಡ್ಡಿಯ ಬುಡಕ್ಕೆ ಇಟ್ಟು ನೋಡಿ, ಮುದ್ರಿತ ಸ್ವರಲಿಪಿಯ ಟೊಳ್ಳು ತಲೆ ಅದೇ. ಮುಂದೆ ಪುಸ್ತಕ ತೆರೆದಾಗ ಮಕ್ಕಳಿಗೆ ಆ ಗುರುತು ಹೊಸದೆನಿಸುವುದಿಲ್ಲ. ಹನಿ, ಮೋಡಗಳಿಂದ ಈ ಲಾಭ ಇಲ್ಲ.

ಮೌನಕ್ಕೆ ಒಣ ಎಲೆ. ಎಲೆಯ ಮುಂದೆ ಬಂದಾಗ ಅಂಗೈಗಳನ್ನು ಬಿಡಿಸಿ ಹಿಡಿಯಬೇಕು. ಯಾರಾದರೂ ತುಳಿದರೆ ಮೌನವೇ ಚರಚರ ಎನ್ನುತ್ತದೆ, ತರಗತಿಗೆಲ್ಲ ನಗು. ಹೂಮಾಲೆಯಲ್ಲಿ ಎಲೆಗೆ ಸದ್ದಿದೆ, ಇಲ್ಲಿ ಇಲ್ಲ. ಆದ್ದರಿಂದ ಎರಡನ್ನೂ ಬೆನ್ನುಬೆನ್ನಿಗೆ ಇಟ್ಟುಕೊಳ್ಳುವುದು ಬೇಡ. ಹಳೆಯ ಪತ್ರಿಕೆಗಳ ನಡುವೆ ಒತ್ತಿಟ್ಟ ಎಲೆ ಮುದುಡುವುದಿಲ್ಲ. ಒದ್ದೆ ಕಡ್ಡಿಗೆ ಬೂಷ್ಟು ಹಿಡಿಯುತ್ತದೆ, ಒಣಗಿಸಿಯೇ ಒಳಗೆ ತನ್ನಿ.

ಪಾಠ ಮುಗಿದ ಮೇಲೆ ಗೋಡೆಗೆ ತೂಗುಹಾಕಿ ಪೋಷಕರಿಗೆ ತೋರಿಸಬೇಕೆನ್ನುವವರಿಗೆ ಹನಿಪಟ್ಟಿಯೇ ಸರಿ, ಕಡ್ಡಿಯಾಟ ಏನನ್ನೂ ಉಳಿಸುವುದಿಲ್ಲ. ನನಗೆ ಗೋಡೆಯ ಚಿಂತೆಯಿಲ್ಲ, ಒಂದೇ ಸಾಲನ್ನು ಹತ್ತು ಬಗೆಯಲ್ಲಿ ತಿರುಗಿಸಿ ತಟ್ಟಿಸುವ ಚಾಳಿಯಿದೆ, ಕೈಯಲ್ಲಿ ಹಣವೂ ಇಲ್ಲ. ಮುಂದಿನ ವರ್ಷದ ಸಾಮಾನು ಪಟ್ಟಿಯಲ್ಲಿ ನಾನು ಬರೆಯುವುದು ದಾರದ ಉಂಡೆ ಮತ್ತು ಎಲೆ ಒತ್ತಲು ನಾಲ್ಕು ರಟ್ಟು, ಇಷ್ಟೇ.